ಇಂಗ್ಲೆಂಡ್ ಸಾಲಿಸಿಟರ್‌ಗಳ ಸಿಪಿಡಿ: 16 ಗಂಟೆಯ ನಿಯಮ ಹೋದ ಮೇಲೆ ಏನು ಮಾಡಬೇಕು? – ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಎಲ್‌ಎಲ್‌ಬಿ ಮುಗಿಸಿ, ಎಸ್‌ಕ್ಯೂಇ ಎಂಬ ಅರ್ಹತಾ ಪರೀಕ್ಷೆ ಬರೆದು ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಡುವ ವಕೀಲ) ಆದವರು ಈಗ ಕಡಿಮೆ ಇಲ್ಲ. ಕೆಲಸ ಸಿಕ್ಕ ಮೇಲೆ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: "ವರ್ಷಕ್ಕೆ ಎಷ್ಟು ಗಂಟೆ ಸಿಪಿಡಿ ಮಾಡಬೇಕು?" ಹಳೆಯ ಉತ್ತರ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಹೊಸ ಉತ್ತರ ಕೇಳಿದವರು ಸ್ವಲ್ಪ ಗಲಿಬಿಲಿ ಆಗುತ್ತಾರೆ. ಇಲ್ಲಿರುವುದು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್ ವಿಚಾರ. ಬೇರೆ ಕಡೆಯ ಮಾತು ಕೊನೆಯಲ್ಲಿ ಚೂರು ಬರುತ್ತದೆ.

ಸಿಪಿಡಿ ಅಂದರೆ ಏನು?

ಕಂಟಿನ್ಯೂಯಿಂಗ್ ಪ್ರೊಫೆಷನಲ್ ಡೆವಲಪ್‌ಮೆಂಟ್. ವಕೀಲರಾದ ಮೇಲೂ ಓದು, ತರಬೇತಿ ಮುಂದುವರಿಸುವುದು. ಅಷ್ಟೇ. ಕಾನೂನು ಬದಲಾಗುತ್ತಲೇ ಇರುತ್ತದೆ, ಪರೀಕ್ಷೆ ಪಾಸಾದ ದಿನ ತಲೆಯಲ್ಲಿದ್ದದ್ದನ್ನೇ ಇಟ್ಟುಕೊಂಡು ಮೂವತ್ತು ವರ್ಷ ಕಕ್ಷಿದಾರರಿಗೆ ಸಲಹೆ ಕೊಡಲು ಆಗುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್‌ಗಳ ಮೇಲೆ ಕಣ್ಣಿಡುವ ಸಂಸ್ಥೆ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ, ಅಂದರೆ ಎಸ್‌ಆರ್‌ಎ. ಅದರ ಭಾಷೆಯಲ್ಲಿ ಇದಕ್ಕೆ ಈಗ 'ಕಂಟಿನ್ಯೂಯಿಂಗ್ ಕಾಂಪಿಟೆನ್ಸ್' ಎಂಬ ಹೆಸರು. ಆದರೆ ಆಫೀಸುಗಳಲ್ಲಿ ಎಲ್ಲರೂ ಸಿಪಿಡಿ ಅಂತಲೇ ಅನ್ನುತ್ತಾರೆ. ನಾವೂ ಹಾಗೇ ಕರೆಯೋಣ.

ಮೊದಲು ಹೇಗಿತ್ತು?

ವರ್ಷಕ್ಕೆ 16 ಗಂಟೆ. ನವೆಂಬರ್ 1ರಿಂದ ಮುಂದಿನ ಅಕ್ಟೋಬರ್ 31ರವರೆಗೆ ಒಂದು ಸಿಪಿಡಿ ವರ್ಷ. ಅದರಲ್ಲಿ ಕಾಲು ಭಾಗ, ಅಂದರೆ 4 ಗಂಟೆಯಾದರೂ ಮಾನ್ಯತೆ ಪಡೆದ ಕೋರ್ಸ್ ಆಗಿರಬೇಕಿತ್ತು. ಉಳಿದದ್ದಕ್ಕೆ ಲೇಖನ ಬರೆಯುವುದು, ಪಾಠ ಹೇಳುವುದು ಇಂಥವೂ ಲೆಕ್ಕಕ್ಕೆ ಬರುತ್ತಿದ್ದವು. 1985ರಲ್ಲಿ ಇದು ಶುರುವಾದಾಗ ಹೊಸದಾಗಿ ಸೇರಿದವರಿಗೆ ಮಾತ್ರ ಇತ್ತು. 1998ರ ಹೊತ್ತಿಗೆ ಹಿರಿಯರು ಕಿರಿಯರು ಎನ್ನದೆ ಎಲ್ಲ ಸಾಲಿಸಿಟರ್‌ಗಳಿಗೂ ಬಂತು. ಪಾರ್ಟ್ ಟೈಮ್ ಕೆಲಸ ಮಾಡುವವರಿಗೆ ಗಂಟೆ ಕಡಿಮೆ ಆಗುತ್ತಿತ್ತು: ವಾರಕ್ಕೆ ಎರಡು ಗಂಟೆ ಕೆಲಸಕ್ಕೆ ವರ್ಷಕ್ಕೆ ಒಂದು ಗಂಟೆ ಸಿಪಿಡಿ.

ಲೆಕ್ಕ ಸುಲಭ. ಅದೇ ಅದರ ತೊಂದರೆ ಕೂಡ. ಅಕ್ಟೋಬರ್ ಬಂತೆಂದರೆ ಗಂಟೆ ಕೊರತೆ ಇದ್ದವರೆಲ್ಲ ಕೋರ್ಸ್ ಹುಡುಕಿಕೊಂಡು ಓಡುತ್ತಿದ್ದರು. ಮನೆ ಮಾರಾಟದ ಪತ್ರ ಮಾಡುವವರು ಹೋಗಿ ಉದ್ಯೋಗ ಕಾನೂನಿನ ಉಪನ್ಯಾಸದಲ್ಲಿ ಕೂತರೂ ಗಂಟೆ ಗಂಟೆಯೇ. ಹಿಂದಿನ ಸಾಲಿನಲ್ಲಿ ಕೂತು ಇಮೇಲ್ ನೋಡಿದರೂ ಸಹಿ ಹಾಕಿದರೆ ಮುಗಿಯಿತು. ಎಷ್ಟು ಹೊತ್ತು ಕೂತಿರಿ ಎಂದು ಕೇಳುವವರು ಇದ್ದರು. ಏನು ಕಲಿತಿರಿ ಎಂದು ಕೇಳುವವರು ಇರಲಿಲ್ಲ.

ಬದಲಾವಣೆ ಯಾವಾಗ ಆಯಿತು? ಯಾಕೆ?

2013ರ ಜೂನ್‌ನಲ್ಲಿ ಕಾನೂನು ಶಿಕ್ಷಣ ಮತ್ತು ತರಬೇತಿಯ ಬಗ್ಗೆ ಒಂದು ದೊಡ್ಡ ಪರಿಶೀಲನಾ ವರದಿ ಬಂತು. ಸಂಕ್ಷೇಪದಲ್ಲಿ ಲೆಟ್ರ್ ಅನ್ನುತ್ತಾರೆ. ಗಂಟೆ ಎಣಿಸುವುದು ಬಿಟ್ಟು, ವಕೀಲರು ತಮಗೆ ಏನು ಬೇಕೋ ಅದನ್ನು ಯೋಚಿಸಿ ಕಲಿಯುವ ಕಡೆಗೆ ಹೋಗಬೇಕು ಎಂಬುದು ಅದರ ದಾರಿ. ಅದರ ಬೆನ್ನಿಗೇ ಎಸ್‌ಆರ್‌ಎ ನಿಯಮ ಬದಲಿಸಿತು. 2015ರ ಏಪ್ರಿಲ್ 1ರಿಂದ ಬೇಕಾದವರು ಹೊಸ ಪದ್ಧತಿಗೆ ಬರಬಹುದಿತ್ತು. 2016ರ ನವೆಂಬರ್ 1ರಿಂದ ಎಲ್ಲರಿಗೂ ಅದೇ. ಅಂದಿನಿಂದ 16 ಗಂಟೆ ಇಲ್ಲ, ಮಾನ್ಯತೆ ಪಡೆದ ಕೋರ್ಸಿನ ಪಟ್ಟಿಯೂ ಇಲ್ಲ.

ಹಾಗಾದರೆ ಈಗ ಸೊನ್ನೆ ಗಂಟೆ ಮಾಡಿದರೂ ನಡೆಯುತ್ತಾ?

ಈ ಪ್ರಶ್ನೆ ಕೇಳುವಾಗ ಎಲ್ಲರ ಮುಖದಲ್ಲೂ ಒಂದು ಸಣ್ಣ ನಗು ಇರುತ್ತದೆ. ಕನಿಷ್ಠ ಗಂಟೆ ಎಂಬುದು ಇಲ್ಲ, ನಿಜ. ಆದರೆ ಏನೂ ಮಾಡದೆ ಇರಬಹುದು ಅಂತಲ್ಲ. ಈಗಿನ ನಿಯಮ 2019ರ ನವೆಂಬರ್ 25ರಿಂದ ಜಾರಿಯಲ್ಲಿರುವ ನಡಾವಳಿ ಸಂಹಿತೆಯ 3.3ನೇ ಪ್ಯಾರಾದಲ್ಲಿದೆ. ಅದರ ತಿರುಳು: ನಿಮ್ಮ ಕೆಲಸ ಮಾಡಲು ಬೇಕಾದ ಸಾಮರ್ಥ್ಯ ಉಳಿಸಿಕೊಳ್ಳಿ, ತಿಳಿವಳಿಕೆ ಮತ್ತು ಕೌಶಲ ಇಂದಿನ ಮಟ್ಟಕ್ಕೆ ಇಟ್ಟುಕೊಳ್ಳಿ. ಅದಕ್ಕೆ 5 ಗಂಟೆ ಸಾಕೋ, 50 ಗಂಟೆ ಬೇಕೋ, ನೀವೇ ತೀರ್ಮಾನಿಸಬೇಕು.

ಹಳೆ ಪದ್ಧತಿಯಲ್ಲಿ 16 ಗಂಟೆ ಮುಗಿಸಿದ ಮೇಲೆ "ನನ್ನ ಕೆಲಸ ಮುಗಿಯಿತು" ಎನ್ನಬಹುದಿತ್ತು. ಈಗ ಹಾಗೆ ಹೇಳಿಕೊಳ್ಳಲು ಯಾವ ಸರ್ಟಿಫಿಕೇಟೂ ಇಲ್ಲ. ನನ್ನನ್ನು ಕೇಳಿದರೆ ಹೊಸ ನಿಯಮ ಸಡಿಲ ಅಲ್ಲವೇ ಅಲ್ಲ. ಸೋಮಾರಿಗೆ ಸುಲಭ, ಪ್ರಾಮಾಣಿಕವಾಗಿ ಮಾಡುವವರಿಗೆ ಹಳೆಯದಕ್ಕಿಂತ ಜಾಸ್ತಿ ಕೆಲಸ.

ನನಗೆ ಏನು ಗೊತ್ತಿರಬೇಕು ಎಂದು ತಿಳಿಯುವುದು ಹೇಗೆ? ಪಟ್ಟಿ ಇದೆಯಾ?

ಇದೆ. ಎಸ್‌ಆರ್‌ಎಯ ಸಾಮರ್ಥ್ಯ ಹೇಳಿಕೆಯಲ್ಲಿ ನಾಲ್ಕು ಭಾಗಗಳಿವೆ. ನೀತಿ, ವೃತ್ತಿಪರತೆ, ವಿವೇಚನೆ ಮೊದಲನೆಯದು. ಕಾನೂನಿನ ತಾಂತ್ರಿಕ ಕೆಲಸ ಎರಡನೆಯದು: ಸಂಶೋಧನೆ, ಕರಡು ಬರೆಯುವುದು, ವಾದ, ಸಂಧಾನ ಇತ್ಯಾದಿ. ಜನರೊಂದಿಗೆ ಕೆಲಸ ಮಾಡುವುದು ಮೂರನೆಯದು. ತನ್ನನ್ನೂ ತನ್ನ ಕೆಲಸವನ್ನೂ ನಿಭಾಯಿಸುವುದು ನಾಲ್ಕನೆಯದು.

ನಮ್ಮವರು ಸಾಮಾನ್ಯವಾಗಿ ಎರಡನೆಯದಕ್ಕೇ ಅಂಟಿಕೊಳ್ಳುತ್ತಾರೆ. ಸೆಕ್ಷನ್, ತೀರ್ಪು ಓದಿದರೆ ಓದಿದ ಹಾಗೆ ಅನಿಸುತ್ತದೆ ಅಲ್ವಾ? ಆದರೆ ಕಕ್ಷಿದಾರರ ದೂರುಗಳು ಬಹಳ ಸಲ ಕಾನೂನು ಗೊತ್ತಿಲ್ಲದ್ದಕ್ಕೆ ಬರುವುದಿಲ್ಲ. ಫೋನಿಗೆ ಉತ್ತರ ಕೊಡಲಿಲ್ಲ, ಫೀಸು ಎಷ್ಟಾಗುತ್ತದೆ ಎಂದು ಮೊದಲೇ ಬಿಡಿಸಿ ಹೇಳಲಿಲ್ಲ, ಕೇಸು ಎಲ್ಲಿಗೆ ಬಂತೆಂದು ತಿಳಿಸಲಿಲ್ಲ. ಇವೆಲ್ಲ ಮೂರು ಮತ್ತು ನಾಲ್ಕನೆಯ ಭಾಗದ ಮಾತು.

"ರಿಫ್ಲೆಕ್ಟ್ ಮಾಡಿ" ಅನ್ನುತ್ತಾರೆ. ನಿಜವಾಗಿ ಏನು ಬರೆಯಬೇಕು?

ಇದು ಜನರನ್ನು ಹೆದರಿಸುವ ಪದ. ದೊಡ್ಡ ಪ್ರಬಂಧ ಬರೆಯಬೇಕೇನೋ ಎಂದುಕೊಳ್ಳುತ್ತಾರೆ. ಬೇಕಿಲ್ಲ. ಒಂದು ಉದಾಹರಣೆ ನೋಡಿ. ಇದು ಕಲ್ಪಿತ, ಆದರೆ ಇಮಿಗ್ರೇಷನ್ ಕೆಲಸ ಮಾಡುವವರಿಗೆ ಗುರುತು ಸಿಗುತ್ತದೆ.

ಹೆಂಡತಿಯ ವೀಸಾ ಮುಂದುವರಿಸಲು ಒಂದು ಜೋಡಿ ಬರುತ್ತದೆ. ಜೂನಿಯರ್ ಬರೆದ ಕರಡು ಪತ್ರದಲ್ಲಿ "ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು" ಎಂದಿದೆ. 2024ರ ಏಪ್ರಿಲ್ 11ರಿಂದ ಆದಾಯದ ಮಿತಿ 18,600ರಿಂದ 29,000ಕ್ಕೆ ಏರಿದ್ದು ನಿಜ. ಆದರೆ ಆ ದಿನಕ್ಕೆ ಮುಂಚೆಯೇ ಇದೇ ಸಂಗಾತಿಯ ಮೇಲೆ ಅರ್ಜಿ ಹಾಕಿ ವೀಸಾ ಪಡೆದವರು ಮುಂದುವರಿಸುವಾಗ ಹಳೆಯ ಮಿತಿಯೇ ಸಾಕು. ಈ ಜೋಡಿಗೆ ಮೊದಲ ವೀಸಾ ಸಿಕ್ಕಿದ್ದು 2023ರಲ್ಲಿ. ಗಂಡನ ಸಂಬಳ 24,000. ಆ ಪತ್ರ ಹಾಗೇ ಹೋಗಿದ್ದರೆ ಅವರು ಅರ್ಜಿಯನ್ನೇ ಕೈಬಿಡುತ್ತಿದ್ದರು.

ದಾಖಲೆಯಲ್ಲಿ ಇಷ್ಟು ಬರೆದರೆ ಸಾಕು:

"ಗಮನಕ್ಕೆ ಬಂದದ್ದು: ಆದಾಯ ಮಿತಿಯಲ್ಲಿ ಹಳಬರಿಗೆ ಇರುವ ರಿಯಾಯಿತಿ ಟೀಮಿನಲ್ಲಿ ಎಲ್ಲರಿಗೂ ಸ್ಪಷ್ಟ ಇಲ್ಲ. ಮಾಡಿದ್ದು: ನಿಯಮದ ಆ ಭಾಗ ಓದಿದೆ, ಗೃಹ ಇಲಾಖೆಯ ಮಾರ್ಗಸೂಚಿ ನೋಡಿದೆ, ಜೂನಿಯರ್ ಜೊತೆ ಅರ್ಧ ಗಂಟೆ ಕೂತೆ. ಬದಲಾದದ್ದು: ಮೊದಲ ಭೇಟಿಯ ಫಾರಂನಲ್ಲಿ 'ಮೊದಲ ಅರ್ಜಿ ಹಾಕಿದ ದಿನಾಂಕ' ಎಂಬ ಸಾಲು ಸೇರಿಸಿದೆ. ಮತ್ತೆ ನೋಡುವುದು: ಮೂರು ತಿಂಗಳ ನಂತರ ಐದಾರು ಫೈಲ್ ತೆಗೆದು ಪರೀಕ್ಷೆ."

ಇದರಲ್ಲಿ ಬೆಲೆ ಇರುವುದು ಮೂರನೆಯ ವಾಕ್ಯಕ್ಕೆ. ಓದಿದ್ದರಿಂದ ಫೈಲಿನಲ್ಲಿ ಏನು ಬದಲಾಯಿತು? ಅದನ್ನು ಬರೆಯಲು ಆಗದಿದ್ದರೆ ಓದು ಸುಮ್ನೆ ಓದು. ಹತ್ತು ವೆಬಿನಾರ್‌ಗಳ ಹೆಸರು ಬರೆದಿಟ್ಟ ದಾಖಲೆಗಿಂತ ಇಂಥ ನಾಲ್ಕು ಟಿಪ್ಪಣಿ ಮೇಲು.

ದಾಖಲೆ ಇಡುವುದು ಕಡ್ಡಾಯವೇ? ಎಸ್‌ಆರ್‌ಎಗೆ ಕಳಿಸಬೇಕಾ?

ಪ್ರತಿ ವರ್ಷ ಕಳಿಸಬೇಕಿಲ್ಲ. ಇಂಥದ್ದೇ ಫಾರಂನಲ್ಲಿ ಇಡಿ ಎಂದೂ ಎಸ್‌ಆರ್‌ಎ ಹೇಳುವುದಿಲ್ಲ. ನೋಟ್‌ಬುಕ್ ಆಗಬಹುದು, ಎಕ್ಸೆಲ್ ಆಗಬಹುದು. ಆದರೆ ಇಟ್ಟುಕೊಳ್ಳಿ ಎಂದು ಅದೇ ಸಲಹೆ ಕೊಡುತ್ತದೆ. ನಾಳೆ ನಿಮ್ಮ ಕೆಲಸದ ಬಗ್ಗೆ ದೂರು ಬಂದು, "ಸಾಮರ್ಥ್ಯ ಉಳಿಸಿಕೊಳ್ಳಲು ಏನು ಮಾಡಿದಿರಿ?" ಎಂದು ಕೇಳಿದರೆ ತೋರಿಸಲು ಬೇರೆ ಏನಿರುತ್ತದೆ? ಹಳೆ ಕಾಲದಲ್ಲಿ ಕೋರ್ಸ್ ನಡೆಸಿದವರು ಕೊಟ್ಟ ಚೀಟಿ ಇರುತ್ತಿತ್ತು. ಈಗ ನೀವು ಬರೆದಿಟ್ಟದ್ದೇ ಸಾಕ್ಷಿ.

ಕಕ್ಷಿದಾರರ ಹೆಸರು ಮಾತ್ರ ಅದರಲ್ಲಿ ಬೇಡ. ಗೌಪ್ಯತೆಯ ನಿಯಮ ನಿಮ್ಮ ಟಿಪ್ಪಣಿಗೂ ಅನ್ವಯ. ಫೈಲ್ ನಂಬರ್ ಹಾಕಿದರೆ ಸಾಕು.

ಅಕ್ಟೋಬರ್‌ನಲ್ಲಿ ಏನು ಘೋಷಣೆ ಮಾಡಬೇಕು?

ಪ್ರಾಕ್ಟಿಸಿಂಗ್ ಸರ್ಟಿಫಿಕೇಟ್, ಅಂದರೆ ಸಾಲಿಸಿಟರ್ ಆಗಿ ಕೆಲಸ ಮಾಡಲು ಬೇಕಾದ ಪರವಾನಗಿ, ಪ್ರತಿ ಅಕ್ಟೋಬರ್‌ನಲ್ಲಿ ನವೀಕರಣ ಆಗುತ್ತದೆ. ಆಗ ಒಂದು ಘೋಷಣೆ ಕೇಳುತ್ತಾರೆ: ನನ್ನ ಕೆಲಸವನ್ನು ಹಿಂತಿರುಗಿ ನೋಡಿದ್ದೇನೆ, ಕಂಡುಬಂದ ಕಲಿಕೆಯ ಅಗತ್ಯಗಳನ್ನು ಪೂರೈಸಿದ್ದೇನೆ. ಇದರಲ್ಲಿ ಎರಡು ಮಾತಿವೆ, ಗಮನಿಸಿ. ಕೋರ್ಸಿಗೆ ಹೋಗಿ ಬಂದು, ನನಗೆ ಯಾಕೆ ಬೇಕಿತ್ತು ಎಂದು ಯೋಚಿಸದೇ ಇದ್ದರೆ ಅರ್ಧ ಮಾತ್ರ ಆಯಿತು.

ದೊಡ್ಡ ಫರ್ಮ್‌ಗಳು ಎಲ್ಲರ ನವೀಕರಣವನ್ನೂ ಒಟ್ಟಿಗೆ ಮಾಡುತ್ತವೆ. ಆಗ ಫರ್ಮ್ ಪರವಾಗಿ ಒಬ್ಬರು ಕ್ಲಿಕ್ ಮಾಡುತ್ತಾರೆ. ಅವರಿಗೆ ನೀವು ಮೊದಲೇ ಖಾತ್ರಿ ಕೊಡಬೇಕು. ಎಚ್‌ಆರ್‌ನಿಂದ ಬರುವ ಆ ಇಮೇಲ್‌ಗೆ ಓದದೇ "ಯೆಸ್" ಹಾಕುವವರೇ ಹೆಚ್ಚು. ಕ್ಲಿಕ್ ಬೇರೆಯವರದ್ದಾದರೂ ಮಾತು ನಿಮ್ಮದು.

ಸುಳ್ಳು ಘೋಷಣೆ ಮಾಡಿದರೆ ಯಾರಿಗೆ ಗೊತ್ತಾಗುತ್ತೆ?

ಹೆಚ್ಚಿನ ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಈ ಪದ್ಧತಿಯ ದೊಡ್ಡ ಬಲಹೀನತೆ ಇದೇ. ಆದರೆ ಕೆಲಸದಲ್ಲಿ ಗಂಭೀರ ತಪ್ಪಾಗಿ ಎಸ್‌ಆರ್‌ಎ ಫೈಲ್ ತೆರೆದಾಗ ಎರಡು ವಿಷಯ ಒಟ್ಟಿಗೆ ಬರುತ್ತವೆ. ಕೆಟ್ಟ ಕೆಲಸ ಒಂದು. ಸಾಮರ್ಥ್ಯ ಕಾಪಾಡಿಕೊಳ್ಳಲು ಏನೂ ಮಾಡದೆ ಇದ್ದದ್ದು ಇನ್ನೊಂದು. ಇದು ಶಿಕ್ಷೆಯ ಭಾರ ಹೆಚ್ಚಿಸಬಹುದು. ಮೇಲಾಗಿ, ಮಾಡದ್ದನ್ನು ಮಾಡಿದೆ ಎಂದು ಗೊತ್ತಿದ್ದೇ ಹೇಳಿದರೆ ಅದು ಸಿಪಿಡಿ ವಿಚಾರ ಅಲ್ಲ, ಪ್ರಾಮಾಣಿಕತೆಯ ವಿಚಾರ. ಸಾಲಿಸಿಟರ್‌ಗಳು ವೃತ್ತಿಯನ್ನೇ ಕಳೆದುಕೊಳ್ಳುವುದು ಬಹಳ ಸಲ ಆ ಕಾರಣಕ್ಕೆ.

"ಎಸ್‌ಆರ್‌ಎ ಮಾನ್ಯತೆ ಪಡೆದ 16 ಪಾಯಿಂಟ್ ಕೋರ್ಸ್" ಎಂದು ಜಾಹೀರಾತು ಬರುತ್ತಲ್ಲ?

ದುಡ್ಡು ಕೊಡುವ ಮುಂಚೆ ನಿಂತು ಯೋಚಿಸಿ. ಸಾಲಿಸಿಟರ್‌ಗಳಿಗೆ ಸಿಪಿಡಿ ಪಾಯಿಂಟ್ ಎಂಬುದೇ 2016ರ ನವೆಂಬರ್ ನಂತರ ಇಲ್ಲ. ಕೋರ್ಸ್ ಒಳ್ಳೆಯದಿರಬಹುದು, ಪಾಯಿಂಟಿಗಾಗಿ ಮಾತ್ರ ಕೊಳ್ಳಬೇಡಿ. ಎಷ್ಟೋ ಕೋರ್ಸ್‌ಗಳ ಮೇಲೆ ಇನ್ನೂ ಗಂಟೆ ಬರೆದಿರುವುದಕ್ಕೆ ನ್ಯಾಯವಾದ ಕಾರಣವೂ ಇದೆ. ಬೇರೆ ವೃತ್ತಿ ಸಂಸ್ಥೆಗಳು, ಬೇರೆ ದೇಶಗಳು ಗಂಟೆ ಕೇಳುತ್ತವೆ. ಸಾಲಿಸಿಟರ್‌ಗಳ ವೃತ್ತಿ ಸಂಘವಾದ ಲಾ ಸೊಸೈಟಿಯ ಕೆಲವು ವಿಶೇಷ ಮಾನ್ಯತಾ ಯೋಜನೆಗಳಿಗೆ, ಉದಾಹರಣೆಗೆ ಮನೆ ಕೊಡುಕೊಳ್ಳುವಿಕೆಯದ್ದು, ಅವುಗಳದ್ದೇ ತರಬೇತಿ ನಿಯಮ ಇದೆ. ನೀವು ಅಂಥ ಯೋಜನೆಯಲ್ಲಿದ್ದರೆ ಅದರ ನಿಯಮವನ್ನು ಬೇರೆಯಾಗಿ ನೋಡಬೇಕು.

ಎಐ ಬಗ್ಗೆ ಕಲಿಯಲೇಬೇಕಾ? ನಾನು ಅದನ್ನು ಬಳಸುವುದೇ ಇಲ್ಲ.

ನೀವು ಬಳಸದಿದ್ದರೂ ನಿಮ್ಮ ಕಕ್ಷಿದಾರ ಬಳಸುತ್ತಾನೆ. 2025ರ ಜೂನ್ 6ರಂದು ಇಂಗ್ಲೆಂಡಿನ ಹೈಕೋರ್ಟ್ ಎರಡು ಪ್ರಕರಣಗಳ ಬಗ್ಗೆ ಒಂದೇ ತೀರ್ಪು ಕೊಟ್ಟಿತು. ಒಂದರಲ್ಲಿ ಕೋರ್ಟಿಗೆ ಕೊಟ್ಟ ಕಾಗದಗಳಲ್ಲಿ 45 ಉಲ್ಲೇಖಗಳಿದ್ದವು. ಅವುಗಳಲ್ಲಿ 18 ತೀರ್ಪುಗಳು ಭೂಮಿಯ ಮೇಲೆ ಇರಲೇ ಇಲ್ಲ. ಹುಡುಕಿದ್ದು ಸಾಲಿಸಿಟರ್ ಅಲ್ಲ, ಕಕ್ಷಿದಾರ, ಅದೂ ಎಐ ಬಳಸಿ. ಸಾಲಿಸಿಟರ್ ಪರೀಕ್ಷಿಸದೆ ಅದನ್ನೇ ನಂಬಿದ್ದರು. ಕೋರ್ಟ್ ವಿಷಯವನ್ನು ಎಸ್‌ಆರ್‌ಎಗೆ ಕಳಿಸಿತು.

ವಕೀಲರು ಕಕ್ಷಿದಾರನಿಂದ ಕಾನೂನು ಕೇಳಿ ಬರೆಯುವುದು ತಲೆಕೆಳಗಾದ ಕೆಲಸ. ಆದರೆ ಅವಸರದಲ್ಲಿ ಆಗಿಬಿಡುತ್ತದೆ. ನಿಮ್ಮ ಈ ವರ್ಷದ ಟಿಪ್ಪಣಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ, ಹಿಂತಿರುಗಿ ನೋಡಿದ್ದೇನೆ ಎಂಬ ಮಾತನ್ನು ನಂಬುವುದು ಕಷ್ಟ.

ನನ್ನ ಕೈಕೆಳಗಿನವರ ಕಲಿಕೆಗೂ ನಾನೇ ಹೊಣೆಯಾ?

ಹೌದು. ಅದೇ ಸಂಹಿತೆಯ 3.6 ನೋಡಿ. ನೀವು ನಿರ್ವಹಿಸುವ ಜನ ತಮ್ಮ ಕೆಲಸಕ್ಕೆ ಸಮರ್ಥರಾಗಿರುವಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ. ಪ್ಯಾರಾಲೀಗಲ್‌ಗಳೂ (ಸಾಲಿಸಿಟರ್ ಅಲ್ಲದ ಕಾನೂನು ಸಹಾಯಕರು) ಅದರಲ್ಲಿ ಬರುತ್ತಾರೆ. ಮೇಲಿನ ಉದಾಹರಣೆಯಲ್ಲಿ ಜೂನಿಯರ್‌ಗೆ ಬೈದು ಪತ್ರ ತಿದ್ದಿದರೆ ಸಾಲದು ಎನ್ನುವುದು ಅದಕ್ಕೇ.

ಪಾರ್ಟ್ ಟೈಮ್, ಹೆರಿಗೆ ರಜೆ, ಕಂಪನಿಯೊಳಗಿನ ಕೆಲಸ – ರಿಯಾಯಿತಿ ಇದೆಯಾ?

ಗಂಟೆಯೇ ಇಲ್ಲದ ಮೇಲೆ ರಿಯಾಯಿತಿ ಎಲ್ಲಿಂದ? ವಾರಕ್ಕೆ ಎರಡು ದಿನ ಕೆಲಸ ಮಾಡುವವರ ಕಕ್ಷಿದಾರರಿಗೂ ಪೂರ್ತಿ ಸರಿಯಾದ ಸಲಹೆಯೇ ಬೇಕು. ಕಂಪನಿಯೊಳಗೆ ಕೆಲಸ ಮಾಡುವ ಸಾಲಿಸಿಟರ್‌ಗಳಿಗೂ ಇದೇ ನಿಯಮ. ಹೆರಿಗೆ ರಜೆ ಮುಗಿಸಿ ಬರುವವರು ಮಾತ್ರ ಮೊದಲ ವಾರವೇ ಪೂರ್ತಿ ಫೈಲ್‌ಗಳನ್ನು ತಲೆ ಮೇಲೆ ಹಾಕಿಕೊಳ್ಳಬೇಡಿ. ನೀವಿಲ್ಲದಾಗ ಏನೇನು ಬದಲಾಯಿತು ಎಂದು ಸಹೋದ್ಯೋಗಿಯೊಬ್ಬರ ಜೊತೆ ಕೂತು ಪಟ್ಟಿ ಮಾಡಿಕೊಳ್ಳಿ. ಅದೂ ಸಿಪಿಡಿಯೇ.

ಎಸ್‌ಕ್ಯೂಇಗೆ ಓದಿದ್ದು, ಭಾರತದಲ್ಲಿ ಪ್ರಾಕ್ಟೀಸ್ ಮಾಡಿದ್ದು ಇದಕ್ಕೆ ಲೆಕ್ಕಕ್ಕೆ ಬರುತ್ತಾ?

ಎಸ್‌ಕ್ಯೂಇ ಇರುವುದು ಒಳಗೆ ಬರಲು. ಅದರ ಮೊದಲ ಹಂತದ 360 ಪ್ರಶ್ನೆ ಪಾಸಾದದ್ದು ಒಳ್ಳೆಯದೇ, ಆದರೆ ಅದು ಆ ದಿನದ ಕಾನೂನು. ಭಾರತದ ಅನುಭವ ಬೇರೆ ರೀತಿ ಉಪಯೋಗಕ್ಕೆ ಬರುತ್ತದೆ: ನಿಮಗೆ ಯಾವುದು ಗೊತ್ತಿಲ್ಲ ಎಂದು ಗುರುತಿಸಲು. ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ವಾಯ್ದೆ ಕೇಳಿ ಅಭ್ಯಾಸ ಇರುವವರಿಗೆ ಇಂಗ್ಲೆಂಡಿನ ಕೋರ್ಟ್ ಹಾಕುವ ಗಡುವು ಎಷ್ಟು ಗಟ್ಟಿ ಎಂಬುದು ಮೊದಲ ಪಾಠ. ಗಡುವು ತಪ್ಪಿದರೆ ಇಲ್ಲಿ ಕ್ಷಮೆಗೆ ಪ್ರತ್ಯೇಕ ಅರ್ಜಿ ಹಾಕಿ ಬೇಡಬೇಕಾಗುತ್ತದೆ.

ಬ್ಯಾರಿಸ್ಟರ್‌ಗಳಿಗೂ ಹೀಗೇನಾ? ಬೇರೆ ದೇಶಗಳಲ್ಲಿ?

ಬ್ಯಾರಿಸ್ಟರ್‌ಗಳ, ಅಂದರೆ ಮುಖ್ಯವಾಗಿ ಕೋರ್ಟಿನಲ್ಲಿ ವಾದ ಮಾಡುವ ವಕೀಲರ, ದಾರಿ ಸ್ವಲ್ಪ ಬೇರೆ. ಅನುಭವಿಗಳಿಗೆ ವರ್ಷಕ್ಕೆ 12 ಗಂಟೆ ಇತ್ತು, 2017ರ ಜನವರಿ 1ರಿಂದ ತೆಗೆದರು. ಅವರು ಯೋಜನೆ ಬರೆದು, ದಾಖಲೆ ಇಡಲೇಬೇಕು. ಹೊಸಬರಿಗೆ ಮಾತ್ರ ಗಂಟೆ ಉಳಿಯಿತು: ಮೊದಲ ಮೂರು ವರ್ಷಗಳಲ್ಲಿ 45, ಅದರಲ್ಲಿ ಕನಿಷ್ಠ 9 ವಾದದ ತರಬೇತಿ, 3 ನೀತಿ. ಇದು ಜಾಣತನ ಎಂದು ನನ್ನ ಅನಿಸಿಕೆ. ಹೊಸಬರಿಗೆ ತಮಗೇನು ಗೊತ್ತಿಲ್ಲ ಎಂಬುದೇ ಗೊತ್ತಿರುವುದಿಲ್ಲ. ಅವರಿಗೆ ಒಂದು ಸಂಖ್ಯೆ ಕೊಡುವುದರಲ್ಲಿ ತಪ್ಪಿಲ್ಲ.

ಸ್ಕಾಟ್ಲೆಂಡ್ ಬೇರೆಯೇ ಕಾನೂನು ವ್ಯವಸ್ಥೆ. ಅಲ್ಲಿ ಸಾಲಿಸಿಟರ್‌ಗಳಿಗೆ ವರ್ಷಕ್ಕೆ 20 ಗಂಟೆಯ ಲೆಕ್ಕ. ನ್ಯೂಯಾರ್ಕ್ ಬಾರ್ ಪಾಸಾದ ನಮ್ಮವರು ಸಾಕಷ್ಟು ಇದ್ದಾರೆ. ಅಲ್ಲಿ ಎರಡು ವರ್ಷಕ್ಕೆ 24 ಗಂಟೆ, ಹೊಸಬರಿಗೆ ಮೊದಲ ಎರಡು ವರ್ಷದಲ್ಲಿ 32. ಗಂಟೆಯ ಒಳಗೇ ವಿಷಯ ತುರುಕುವುದು ಅವರ ರೀತಿ: 2023ರ ಜುಲೈ 1ರಿಂದ ಸೈಬರ್ ಸುರಕ್ಷತೆಗೆ ಒಂದು ಗಂಟೆ ಕಡ್ಡಾಯ ಮಾಡಿದರು. ಎರಡೂ ಕಡೆ ಲೈಸೆನ್ಸ್ ಇದ್ದವರು ಎರಡೂ ನಿಯಮ ಪಾಲಿಸಬೇಕು. ಒಂದು ಕಡೆ ಮಾಡಿದ್ದು ಇನ್ನೊಂದು ಕಡೆ ತಾನಾಗಿ ನಡೆಯುತ್ತದೆ ಎಂದುಕೊಳ್ಳಬೇಡಿ.

ಭಾರತದಲ್ಲಿ ಏನಿದೆ?

ಅಡ್ವೊಕೇಟ್ಸ್ ಕಾಯ್ದೆ 1961ರಲ್ಲಿ ವಕೀಲರು ವರ್ಷಕ್ಕೆ ಇಷ್ಟು ಗಂಟೆ ಕಲಿಯಬೇಕು ಎಂಬ ಷರತ್ತಿಲ್ಲ. ಅಖಿಲ ಭಾರತ ಬಾರ್ ಪರೀಕ್ಷೆ ಇದೆ, ಅದು ಒಂದೇ ಸಲದ್ದು. ಬಾರ್ ಅಸೋಸಿಯೇಷನ್‌ಗಳು ಉಪನ್ಯಾಸ ಇಡುತ್ತವೆ, ಬಂದವರು ಬರುತ್ತಾರೆ.

ಹಾಗೆಂದು ಕಲಿಯದೇ ನಡೆಯುತ್ತದೆ ಅಂತಲ್ಲ. 2024ರ ಜುಲೈ 1ರಂದು 511 ಸೆಕ್ಷನ್‌ಗಳ ಐಪಿಸಿ ಹೋಗಿ 358 ಸೆಕ್ಷನ್‌ಗಳ ಭಾರತೀಯ ನ್ಯಾಯ ಸಂಹಿತೆ ಬಂತು. ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳೂ ಅದೇ ದಿನ ಬದಲಾದವು. ಇಡೀ ಜೀವನ 302, 420 ಎಂದು ಬಾಯಿಪಾಠ ಮಾಡಿದ್ದ ಹಿರಿಯರು 103, 318 ಎಂದು ಹೊಸದಾಗಿ ಕಲಿತರು. ಹಳೆಯ ಅಪರಾಧಕ್ಕೆ ಹಳೆಯ ಸಂಹಿತೆ, ಹೊಸದಕ್ಕೆ ಹೊಸದು, ಹೀಗೆ ಎರಡನ್ನೂ ಕೈಯಲ್ಲಿ ಹಿಡಿದು ಓಡಾಡುತ್ತಿದ್ದಾರೆ. ಅದಕ್ಕೆ ಯಾರೂ ಪಾಯಿಂಟ್ ಕೊಡಲಿಲ್ಲ.

ಇಂಗ್ಲೆಂಡಿನಲ್ಲಿ ಗಂಟೆ ಲೆಕ್ಕ ವಾಪಸ್ ಬರುತ್ತಾ?

ಎಲ್ಲ ಕಾನೂನು ನಿಯಂತ್ರಕರ ಮೇಲೆ ಕೂತಿರುವ ಲೀಗಲ್ ಸರ್ವಿಸಸ್ ಬೋರ್ಡ್ 2022ರ ಜುಲೈನಲ್ಲಿ ಒಂದು ನೀತಿ ಹೇಳಿಕೆ ಹೊರಡಿಸಿತು. ವಕೀಲರ ಸಾಮರ್ಥ್ಯ ನಿಜವಾಗಿ ಹೇಗಿದೆ ಎಂದು ನಿಯಂತ್ರಕರೇ ಆಗಾಗ ಅಳೆಯಬೇಕು, ಕೊರತೆ ಕಂಡ ಕಡೆ ಕೈ ಹಾಕಬೇಕು. ಇದಕ್ಕೆ 2024ರ ಜನವರಿ ಗಡುವು. ಅದರಲ್ಲಿ ಗಂಟೆ ವಾಪಸ್ ತನ್ನಿ ಎಂಬ ಮಾತಿಲ್ಲ. ಗಾಳಿ ಬೀಸುತ್ತಿರುವುದು ಘೋಷಣೆಯನ್ನು ಹಾಗೇ ನಂಬದೆ, ಕೆಲಸವನ್ನೇ ನೋಡುವ ಕಡೆಗೆ.

ಈಗಾಗಲೇ ಸೆಪ್ಟೆಂಬರ್ ಕೊನೆ. ನಾನು ಏನೂ ಬರೆದಿಟ್ಟಿಲ್ಲ. ಏನು ಮಾಡಲಿ?

ಮೊದಲನೆಯದಾಗಿ, ಹಿಂದಿನ ದಿನಾಂಕ ಹಾಕಿ ಟಿಪ್ಪಣಿ ಹುಟ್ಟಿಸಬೇಡಿ. ಇವತ್ತಿನ ದಿನಾಂಕವೇ ಹಾಕಿ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಈ ವರ್ಷ ಮುಚ್ಚಿದ ಫೈಲ್‌ಗಳ ಪಟ್ಟಿ ತೆಗೆಯಿರಿ. ಬೇರೆಯವರನ್ನು ಕೇಳಬೇಕಾಗಿ ಬಂದ ಕೇಸು ಯಾವುದು, ಕಕ್ಷಿದಾರ ಸಿಟ್ಟಾದದ್ದು ಯಾವಾಗ, ಗಡುವಿನ ಹಿಂದಿನ ರಾತ್ರಿ ಓಡಾಡಿದ್ದು ಯಾಕೆ – ಇವಕ್ಕೆ ಉತ್ತರ ಬರೆಯಿರಿ. ಓದಿದ್ದು, ಕೇಳಿದ್ದು ನಿಮಗೆ ನೆನಪಿಗಿಂತ ಜಾಸ್ತಿಯೇ ಇರುತ್ತದೆ. ಕ್ಯಾಲೆಂಡರ್ ಮತ್ತು ಇಮೇಲ್‌ನಲ್ಲಿ ಗುರುತು ಸಿಗುತ್ತದೆ. ಕೊರತೆ ಕಂಡರೆ ಅಕ್ಟೋಬರ್ ಒಳಗೆ ಅದೊಂದನ್ನು ಸರಿಪಡಿಸಿ. ಅಷ್ಟಾದ ಮೇಲೆ ಘೋಷಣೆಗೆ ಕ್ಲಿಕ್ ಮಾಡಿ, ಮುಂದಿನ ವರ್ಷದ ಮೊದಲ ಟಿಪ್ಪಣಿಯನ್ನು ನವೆಂಬರ್‌ನಲ್ಲೇ ಬರೆಯಿರಿ.